ಹೊಟ್ಟೆ ಕಟ್ಟಿದರೆ ಮದ್ದಿಗಿಂತ ಮೊದಲು ಕಾರಣ ಹುಡುಕಿ

ಮಲಬದ್ಧತೆ ಎಂದು ಯಾರಾದರೂ ನನ್ನ ಬಳಿ ಹೇಳಿಕೊಂಡರೆ ನಾನು ತಟ್ಟನೆ ಮದ್ದು ಹೇಳುವುದಿಲ್ಲ. ಮೊದಲು ಕೇಳುವುದು ಇಷ್ಟೇ: ಇದು ಯಾವಾಗ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ನಿಮ್ಮ ದಿನಚರಿಯಲ್ಲಿ ಏನು ಬದಲಾಯಿತು? ಹೊಸ ಮಾತ್ರೆ ಶುರುವಾಯಿತೇ, ಕೆಲಸದ ವೇಳೆ ಬದಲಾಯಿತೇ, ದೂರದ ಪ್ರಯಾಣ ಮಾಡಿದಿರೇ, ಜ್ವರ ಬಂದು ಮಲಗಿದ್ದಿರೇ, ತೂಕ ಇಳಿಸಲೆಂದು ಊಟ ಕಡಿಮೆ ಮಾಡಿದಿರೇ? ಉತ್ತರ ಹೇಳುತ್ತಾ ಹೋದಂತೆ ಎಷ್ಟೋ ಜನರಿಗೆ ಕಾರಣ ತಾನಾಗಿಯೇ ಹೊಳೆಯುತ್ತದೆ. ಬೇಸರದ ಸಂಗತಿ ಎಂದರೆ, ನಾಚಿಕೆಯಿಂದ ಯಾರ ಬಳಿಯೂ ಬಾಯಿ ಬಿಡದೆ ಕೈಗೆ ಸಿಕ್ಕ ಪುಡಿಯನ್ನೋ ಮಾತ್ರೆಯನ್ನೋ ತಿಂಗಳುಗಟ್ಟಲೆ ನುಂಗುತ್ತಿರುವವರು ಬಹಳ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮೊದಲು ಒಂದು ಭಯವನ್ನು ಕಳೆಯುತ್ತೇನೆ. ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾಗಲೇಬೇಕು ಎಂಬ ನಿಯಮವಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಎರಡು ದಿನಕ್ಕೊಮ್ಮೆ ಹೋದರೂ ಮಲ ಮೆತ್ತಗಿದ್ದು ಸಲೀಸಾಗಿ ಆಗುತ್ತಿದ್ದರೆ ಚಿಂತೆ ಬೇಡ. ದಿನವೂ ಹೋಗುತ್ತಿದ್ದರೂ ಆಡಿನ ಹಿಕ್ಕೆಯಂತೆ ಗಟ್ಟಿ ಉಂಡೆಗಳಾಗಿ ಬರುತ್ತಿದ್ದರೆ, ತಿಣುಕಬೇಕಾಗುತ್ತಿದ್ದರೆ, ಎದ್ದು ಬಂದ ಮೇಲೂ ಒಳಗೆ ಇನ್ನೂ ಉಳಿದಿದೆ ಎನ್ನಿಸುತ್ತಿದ್ದರೆ ಅದು ಮಲಬದ್ಧತೆ. ಒಂದು ದಿನ ತಪ್ಪಿದರೆ ಮೈಯಲ್ಲಿ ವಿಷ ಸೇರುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ದೊಡ್ಡ ಕರುಳು ತನ್ನಲ್ಲಿಗೆ ಬಂದದ್ದರಿಂದ ನೀರನ್ನು ಹೀರುತ್ತಲೇ ಇರುತ್ತದೆ. ಮಲ ಅಲ್ಲಿ ನಿಂತಷ್ಟೂ ಒಣಗುತ್ತದೆ, ಒಣಗಿದಷ್ಟೂ ಮುಂದೆ ಸಾಗಲು ಕಷ್ಟ. ನಾರಿನಂಶ ಆ ನೀರನ್ನು ಹಿಡಿದಿಟ್ಟು ಮಲವನ್ನು ಮೆದುವಾಗಿಡುತ್ತದೆ. ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರು ಬೇಕು ಎನ್ನುತ್ತಾರೆ. ಸೊಪ್ಪು, ತರಕಾರಿ, ಹಣ್ಣು, ಕಾಳು, ತೌಡು ತೆಗೆಯದ ಧಾನ್ಯ ಇವುಗಳಲ್ಲಿ ಅದು ಸಿಗುತ್ತದೆ. ಹಣ್ಣನ್ನು ಹಿಂಡಿ ರಸ ಕುಡಿಯುವುದಕ್ಕಿಂತ ಇಡಿಯಾಗಿ ತಿನ್ನಿ. ಆದರೆ ಇಂದು ನನ್ನ ಮಾತು ಕೇಳಿ ನಾಳೆಯೇ ತಟ್ಟೆಯ ತುಂಬ ನಾರು ತುಂಬಿಕೊಂಡರೆ ಹೊಟ್ಟೆ ಉಬ್ಬರಿಸಿ ವಾಯು ತುಂಬುತ್ತದೆ. ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚಿಸಿ. ಮೂತ್ರ ತಿಳಿ ಬಣ್ಣದಲ್ಲಿದ್ದರೆ ನೀರು ಸಾಕಷ್ಟಿದೆ ಎಂದುಕೊಳ್ಳಬಹುದು, ಅದರ ಮೇಲೆ ಬಿಂದಿಗೆಗಟ್ಟಲೆ ಕುಡಿದರೆ ಮಲವೇನೂ ಇನ್ನಷ್ಟು ಮೆತ್ತಗಾಗುವುದಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಮಿತಿ ಮೀರಬಾರದು.

ಊಟದ ವಿಷಯ ಎಲ್ಲರೂ ಹೇಳುತ್ತಾರೆ. ನಾನು ಹೆಚ್ಚು ಒತ್ತಿ ಹೇಳುವುದು ಇನ್ನೊಂದನ್ನು: ಬಂದ ಶೌಚವನ್ನು ತಡೆಯಬೇಡಿ. ಕಚೇರಿಯ ಸಭೆ ಮುಗಿಯಲಿ, ಮನೆಗೇ ಹೋಗಿ ನೋಡಿಕೊಳ್ಳೋಣ, ಈ ಶೌಚಾಲಯ ಕೊಳಕಾಗಿದೆ ಎಂದು ತಡೆಹಿಡಿದಾಗ ಆ ಸೂಚನೆ ಸ್ವಲ್ಪ ಹೊತ್ತಿನಲ್ಲಿ ಅಡಗುತ್ತದೆ, ಮಲ ಮಾತ್ರ ಅಲ್ಲೇ ಕುಳಿತು ಒಣಗುತ್ತದೆ. ಇದೇ ವಾಡಿಕೆಯಾದರೆ ಗುದನಾಳ ಹಿಗ್ಗಿ, ತುಂಬಿದ್ದರೂ ತುಂಬಿದೆ ಎಂದು ತಿಳಿಸುವುದನ್ನೇ ಮರೆಯುತ್ತದೆ. ದೇಹವೇ ನೆರವಾಗುವ ಹೊತ್ತೊಂದಿದೆ. ಬೆಳಗ್ಗೆ ಎದ್ದ ಮೇಲೆ, ಅದರಲ್ಲೂ ತಿಂಡಿ ಹೊಟ್ಟೆಗೆ ಬಿದ್ದ ಮೇಲೆ, ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿಯಾದ ಅರ್ಧ ಗಂಟೆಯೊಳಗೆ, ದಿನವೂ ಅದೇ ಸಮಯಕ್ಕೆ, ಐದರಿಂದ ಹತ್ತು ನಿಮಿಷ ಅವಸರವಿಲ್ಲದೆ ಕುಳಿತುಕೊಳ್ಳಿ. ಬಂದರೆ ಬರಲಿ, ಬಾರದಿದ್ದರೆ ಎದ್ದು ಬನ್ನಿ, ತಿಣುಕಬೇಡಿ. ಕಮೋಡ್ ಬಳಸುವವರು ಪಾದದಡಿ ಒಂದು ಗಿಡ್ಡ ಸ್ಟೂಲ್ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಕುಳಿತು, ಮೊಣಕೈಗಳನ್ನು ತೊಡೆಯ ಮೇಲೂರಿ ಮುಂದಕ್ಕೆ ಬಾಗಿ. ಹೀಗೆ ಕುಳಿತಾಗ ಗುದನಾಳದ ಬಾಗು ನೇರವಾಗಿ ದಾರಿ ಸಲೀಸಾಗುತ್ತದೆ. ಮೊಬೈಲ್ ಮಾತ್ರ ಹೊರಗೇ ಇರಲಿ. ಅದನ್ನು ನೋಡುತ್ತಾ ಅರ್ಧ ಗಂಟೆ ಕುಳಿತರೆ ಅಲ್ಲಿನ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಮೂಲವ್ಯಾಧಿಗೆ ದಾರಿಯಾಗುತ್ತದೆ. ದಿನವೂ ನಡೆದಾಡಿ. ಮೈ ಆಡದಿದ್ದರೆ ಕರುಳೂ ಆಡುವುದಿಲ್ಲ.

ಇನ್ನು ಮಾತ್ರೆಗಳ ವಿಷಯ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎದೆಯುರಿಗೆ ಕೊಡುವ, ಅಲ್ಯೂಮಿನಿಯಂ ಇರುವ ಆಮ್ಲಶಾಮಕ, ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಮತ್ತು ಮಾರ್ಫಿನ್‌ನಂಥ ನೋವುನಿವಾರಕ, ನಿದ್ದೆ ತರಿಸುವ ಅಲರ್ಜಿ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ವೆರಾಪಮಿಲ್, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಇವೆಲ್ಲ ಹೊಟ್ಟೆ ಕಟ್ಟಿಸಬಲ್ಲವು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ, ಇಲ್ಲವೇ ಜೊತೆಗೆ ಮಲ ಮೆದುಗೊಳಿಸುವ ಔಷಧ ಕೊಡುತ್ತಾರೆ. ಇದರ ಹಾಗೆಯೇ ಥೈರಾಯ್ಡ್ ಮಂದವಾದರೆ, ಸಕ್ಕರೆ ಕಾಯಿಲೆ ಹಳೆಯದಾಗಿ ನರಗಳನ್ನು ಮುಟ್ಟಿದರೆ, ಪಾರ್ಕಿನ್ಸನ್ ಕಾಯಿಲೆ ಇದ್ದರೆ ಕರುಳು ನಿಧಾನವಾಗುತ್ತದೆ. ಸುಸ್ತು, ಚಳಿ ತಡೆಯಲಾಗದಿರುವುದು, ಕಾರಣವಿಲ್ಲದೆ ತೂಕ ಏರುವುದು ಇವು ಮಲಬದ್ಧತೆಯ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗಂತೂ ಹಾರ್ಮೋನು ಒಂದು ಕಡೆ, ಕಬ್ಬಿಣದ ಮಾತ್ರೆ ಇನ್ನೊಂದು ಕಡೆ. ಅವರು ವೈದ್ಯರನ್ನು ಕೇಳದೆ ಭೇದಿ ಮಾಡಿಸುವ ಯಾವ ಔಷಧವನ್ನೂ ಮುಟ್ಟಬಾರದು.

ಮಕ್ಕಳ ಮಾತೇ ಬೇರೆ. ಒಮ್ಮೆ ಗಟ್ಟಿ ಮಲ ಬಂದು ನೋವಾದರೆ ಮಗು ಅದನ್ನು ಮರೆಯುವುದಿಲ್ಲ. ಮುಂದಿನ ಸಲ ಕಾಲು ಬಿಗಿಹಿಡಿದು, ಮೂಲೆಯಲ್ಲಿ ನಿಂತು ತಡೆಯುತ್ತದೆ. ತಡೆದದ್ದು ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಹೆಚ್ಚುತ್ತದೆ. ಮಗು ತಿಣುಕುತ್ತಿದೆ ಎಂದು ನೀವು ಅಂದುಕೊಂಡಿರುತ್ತೀರಿ, ಅದು ತಡೆಯುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಒಳಗೆ ಗಟ್ಟಿಮಲ ಕೂತು, ಅದರ ಪಕ್ಕದಿಂದ ತೆಳುವಾದದ್ದು ಜಾರಿ ಚಡ್ಡಿ ಕೊಳೆಯಾಗುತ್ತದೆ. ಅದು ಮಗುವಿನ ಹಟವಲ್ಲ, ಅದಕ್ಕೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಬೈಯಬೇಡಿ, ಹೊಡೆಯಬೇಡಿ, ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಲನ್ನೇ ಕುಡಿದು ಊಟ ಬಿಡುವ ಮಗುವಿಗೂ ಹೊಟ್ಟೆ ಕಟ್ಟುತ್ತದೆ. ಎದೆಹಾಲು ಮಾತ್ರ ಕುಡಿಯುವ ಕೂಸು, ಒಂದೂವರೆ ತಿಂಗಳು ದಾಟಿದ ಮೇಲೆ, ಕೆಲವು ದಿನ ಮಲ ಮಾಡದಿದ್ದರೂ ಹಾಲು ಕುಡಿದು ಗೆಲುವಾಗಿದ್ದರೆ, ಮಾಡಿದಾಗ ಮೆತ್ತಗೆ ಆಗುತ್ತಿದ್ದರೆ ಗಾಬರಿ ಬೇಡ. ಆದರೆ ಹುಟ್ಟಿದ 48 ಗಂಟೆಯಾದರೂ ಕೂಸು ಮೊದಲ ಕಪ್ಪು ಮಲ ಮಾಡದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಹಸಿರು ವಾಂತಿ ಮಾಡಿದರೆ ಒಂದು ಕ್ಷಣವೂ ಕಾಯಬಾರದು. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಸಡಿಲವಾಗಲೆಂದು ಜೇನುತುಪ್ಪ ನೆಕ್ಕಿಸಬೇಡಿ. ಅದರಿಂದ ಬೊಟುಲಿಸಂ ಎಂಬ ಮಾರಕ ಕಾಯಿಲೆ ಬರಬಹುದು.

ವಯಸ್ಸಾದವರಲ್ಲೂ ಇದೇ ಮೋಸ ನಡೆಯುತ್ತದೆ. ಬಹಳ ದಿನ ಹೊಟ್ಟೆ ಕಟ್ಟಿದವರಿಗೆ ಇದ್ದಕ್ಕಿದ್ದಂತೆ ನೀರುನೀರಾಗಿ ಸೋರತೊಡಗಿದರೆ ಮನೆಯವರು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟುಬಿಡುತ್ತಾರೆ. ಒಳಗೆ ಕೂತ ಗಟ್ಟಿಮಲದ ಸುತ್ತ ಹಾದು ಬರುತ್ತಿರುವ ನೀರು ಅದಾಗಿರಬಹುದು, ಮಾತ್ರೆ ಕೊಟ್ಟರೆ ಸ್ಥಿತಿ ಹದಗೆಡುತ್ತದೆ. ಹಿರಿಯರಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ರಾತ್ರಿ ಏಳಬೇಕಲ್ಲ ಎಂದು ನೀರು ಬಿಡುವವರೂ ಇದ್ದಾರೆ. ಅವರನ್ನು ಕೇಳಿ ಕೇಳಿ ಕುಡಿಸಬೇಕು.

ಇಷ್ಟು ಮಾಡಿಯೂ ಆಗದಿದ್ದರೆ ಔಷಧ ತೆಗೆದುಕೊಳ್ಳುವುದು ತಪ್ಪಲ್ಲ. ಇಸಬ್ಗೋಲ್ ತೆಗೆದುಕೊಳ್ಳುವವರು ತುಂಬಿದ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಗಂಟಲಲ್ಲೋ ಕರುಳಲ್ಲೋ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬೇರೆ ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಲ್ಯಾಕ್ಟುಲೋಸ್ ಮೊದಲಾದವು ಕರುಳಿಗೆ ನೀರನ್ನು ಸೆಳೆದು ಕೆಲಸ ಮಾಡುತ್ತವೆ, ಒಂದೆರಡು ದಿನ ಹಿಡಿಯುತ್ತದೆ. ಬಿಸಕೋಡಿಲ್ ಕರುಳನ್ನೇ ಚುರುಕುಗೊಳಿಸುತ್ತದೆ, ಅದನ್ನು ವೈದ್ಯರು ಹೇಳದೆ ದಿನವೂ ನುಂಗಬೇಡಿ. ಮೂತ್ರಪಿಂಡದ ತೊಂದರೆ ಇರುವವರು ಮೆಗ್ನೀಷಿಯಂ ಇರುವ ಔಷಧದಿಂದ ದೂರವಿರಬೇಕು. ಹೊಟ್ಟೆನೋವು ಜೋರಾಗಿದ್ದಾಗ ಅಥವಾ ವಾಂತಿಯಾಗುತ್ತಿರುವಾಗ ಭೇದಿ ಮಾಡಿಸುವ ಯಾವ ಔಷಧವೂ ಬೇಡವೇ ಬೇಡ. ಎಲ್ಲ ಮಾಡಿಯೂ ಬಾಗಿಲಲ್ಲೇ ತಡೆದಂತೆ ಅನ್ನಿಸುವವರು ಕೆಲವರಿದ್ದಾರೆ. ಸಡಿಲವಾಗಬೇಕಾದ ಗುದದ ಸ್ನಾಯುಗಳು ಅವರಲ್ಲಿ ಬಿಗಿಯುತ್ತವೆ. ಅಂಥವರಿಗೆ ಪುಡಿಗಿಂತ ಆ ಸ್ನಾಯುಗಳಿಗೆ ಕೊಡುವ ತರಬೇತಿಯೇ ಗುಣ ಕೊಡುತ್ತದೆ.

ಹೊಟ್ಟೆ ಊದಿಕೊಂಡು, ತೀವ್ರ ನೋವು, ವಾಂತಿ ಇದ್ದು, ವಾಯುವೂ ಹೊರಹೋಗದಿದ್ದರೆ ಕರುಳಿನಲ್ಲಿ ಅಡಚಣೆ ಇರಬಹುದು, ಆ ಕೂಡಲೇ ಆಸ್ಪತ್ರೆಗೆ ಹೊರಡಿ. ಬೆನ್ನುನೋವಿನ ಜೊತೆ ತೊಡೆಸಂದು ಮರಗಟ್ಟಿ, ಕಾಲು ಸೋತು, ಮೂತ್ರವೂ ಕಟ್ಟಿದರೆ ಅದು ಬೆನ್ನುಹುರಿಯ ಬುಡದ ನರಗಳ ಮೇಲಿನ ಒತ್ತಡವಿರಬಹುದು, ಅದೂ ತುರ್ತೇ. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪು ಜಿಗುಟು ಮಲ, ಪ್ರಯತ್ನಿಸದೆ ತೂಕ ಇಳಿಯುವುದು, ರಕ್ತಹೀನತೆ, ಮಲ ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಹೋಗುವುದು, ಇವುಗಳಲ್ಲಿ ಒಂದಿದ್ದರೂ ಮುಂದೂಡದೆ ವೈದ್ಯರನ್ನು ನೋಡಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದನ್ನು ವೈದ್ಯರೇ ತೀರ್ಮಾನಿಸಲಿ. ರಕ್ತ ಕಂಡ ಕೂಡಲೇ ಮೂಲವ್ಯಾಧಿ ಎಂದು ತಾವೇ ಹೆಸರಿಟ್ಟುಕೊಂಡು ಸುಮ್ಮನಿರುವುದು ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಸಂಗತಿ. ಕರುಳಿನ ಕ್ಯಾನ್ಸರ್ ಕೂಡ ಮೊದಲು ಹಾಗೆಯೇ ಕಾಣಿಸಿಕೊಳ್ಳಬಹುದು, ಬೇಗ ಸಿಕ್ಕರೆ ಗುಣಪಡಿಸಲು ಸಾಧ್ಯ. ವಯಸ್ಸು 45 ದಾಟಿದ್ದು ಇದ್ದಕ್ಕಿದ್ದಂತೆ ಶೌಚದ ರೀತಿ ಬದಲಾಗಿ ಮೂರು ವಾರವಾದರೂ ಸರಿಹೋಗದಿದ್ದರೆ, ಇಲ್ಲವೇ ರಕ್ತಸಂಬಂಧಿಗಳಿಗೆ ಆ ಕ್ಯಾನ್ಸರ್ ಬಂದಿದ್ದರೆ, ಇನ್ನೂ ಬೇಗ ಹೋಗಿ.

ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಯಾವಾಗ ಶುರುವಾಯಿತು, ವಾರಕ್ಕೆ ಎಷ್ಟು ಸಲ, ಮಲದ ಬಣ್ಣ ಮತ್ತು ಗಟ್ಟಿತನ, ರಕ್ತ ಕಂಡಿದ್ದರೆ ಅದು ಮಲದ ಮೇಲೆ ಅಂಟಿತ್ತೇ ಒಳಗೆ ಬೆರೆತಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರ ಎದುರು ಬಾಯಿ ಕಟ್ಟಿದರೆ ಚೀಟಿಯನ್ನೇ ಅವರ ಕೈಗೆ ಕೊಡಿ.