ಬೆಲ್ಲದ ಕಬ್ಬಿಣ, ಮುದ್ದೆಯ ಕ್ಯಾಲ್ಸಿಯಂ: ಬರೆಯುವ ಮುನ್ನ ಲೆಕ್ಕ ಹಾಕಿ

ಆಹಾರದ ಬಗ್ಗೆ ಬರೆಯುವವರೇ, ಮಂಡ್ಯದ ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ ಎಂದು ಬರೆಯುವ ಮುನ್ನ ಲೆಕ್ಕ ಹಾಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಬೆಲ್ಲದಲ್ಲಿ ಕಬ್ಬಿಣ ಸುಮಾರು 4.6 ಮಿ.ಗ್ರಾಂ. ಬಾಯಿಗೆ ಹಾಕುವ 10 ಗ್ರಾಂ ಚೂರಿನಲ್ಲಿ ಅರ್ಧ ಮಿ.ಗ್ರಾಂ ಕೂಡ ಇಲ್ಲ. ಹೆಂಗಸರಿಗೆ ದಿನಕ್ಕೆ ಬೇಕಾದ್ದು 29 ಮಿ.ಗ್ರಾಂ.

ರಾಗಿಯ 364 ಮಿ.ಗ್ರಾಂ ಕ್ಯಾಲ್ಸಿಯಂ 100 ಗ್ರಾಂ ಒಣ ಕಾಳಿನದು. ಮುದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಕಾಳಿನ ಅಂಕಿಯನ್ನು ಮುದ್ದೆಯ ತೂಕಕ್ಕೆ ಹಚ್ಚಬೇಡಿ, ಪದೇ ಪದೇ ಆಗುವ ತಪ್ಪು ಇದೇ.

ಮಾತ್ರೆ, ಪುಡಿಗಳ ವಿಷಯದಲ್ಲಿ ಇನ್ನೂ ಬಿಗಿ ಇರಲಿ. ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಪರವಾನಗಿ ಅಷ್ಟೇ, ಗುಣಕ್ಕೆ ಸಾಕ್ಷಿಯಲ್ಲ. ವಿಟಮಿನ್ ಡಿ 1 ಮೈಕ್ರೋಗ್ರಾಂ ಎಂದರೆ 40 ಐಯು (ವಿಟಮಿನ್ ಅಳೆಯುವ ಅಂತಾರಾಷ್ಟ್ರೀಯ ಘಟಕ). ಮಿಲಿಗ್ರಾಂ ಎಂದು ಬರೆದರೆ ಸಾವಿರ ಪಟ್ಟಾಯಿತು. ಪ್ರಕಟವಾದ ಬರಹದಲ್ಲಿ ತಪ್ಪು ತಿದ್ದಿದಾಗ ದಿನಾಂಕ ಹಾಕಿ, ಹಳೆಯ ಅಂಕಿಯನ್ನೂ ಕಾಣುವಂತೆ ಬಿಡಿ.