ಭಾರತದ ಪೌರತ್ವ: ಅದು ಹೋಗುವುದು ಯಾವಾಗ, ಮರಳಿ ಪಡೆಯುವುದು ಹೇಗೆ

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರೂ ಊರಿನಲ್ಲಿರುವ ಅವರ ತಂದೆತಾಯಿಯರೂ ಪೌರತ್ವದ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತವೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸುವ ದಿನದವರೆಗೆ ಪೌರತ್ವ ಉಳಿದಿರುತ್ತದೆ ಎಂದು ಅವರು ನಂಬಿರುತ್ತಾರೆ. 1955ರ ಪೌರತ್ವ ಕಾಯ್ದೆ ಹಾಗೆ ಹೇಳುವುದಿಲ್ಲ. ಅದರ 9ನೇ ಸೆಕ್ಷನ್ ಪ್ರಕಾರ, ಭಾರತದ ನಾಗರಿಕರೊಬ್ಬರು ಸ್ವಇಚ್ಛೆಯಿಂದ ಬೇರೊಂದು ದೇಶದ ಪೌರತ್ವ ಪಡೆದೊಡನೆ ಇಲ್ಲಿನ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಅದಕ್ಕೆ ಯಾವ ಅರ್ಜಿಯೂ ಬೇಡ, ಯಾವ ಅಧಿಕಾರಿಯ ಸಹಿಯೂ ಬೇಡ. ಸರ್ಕಾರ ಸಂಸತ್ತಿಗೆ ನೀಡಿದ ಅಂಕಿಅಂಶಗಳಂತೆ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ. ಹೋಗುವ ದಾರಿ ಇಷ್ಟು ಸಲೀಸಾಗಿದ್ದರೂ ಮರಳುವ ದಾರಿ ಬೇರೆಯದೇ ಬಗೆಯದು ಎಂಬುದನ್ನು ಹೊಸ ದೇಶದ ಪೌರತ್ವದ ಪ್ರಮಾಣವಚನಕ್ಕೆ ಮೊದಲೇ ತಿಳಿದಿರಬೇಕೆಂಬ ಕಾಳಜಿಯಿಂದ ಈ ಬರಹ.

ಮೊದಲು, ಯಾವುದರಿಂದ ಪೌರತ್ವ ಹೋಗುವುದಿಲ್ಲ ಎಂಬುದು. ಅಮೆರಿಕದ ಗ್ರೀನ್ ಕಾರ್ಡ್, ಕೆನಡಾ ಅಥವಾ ಆಸ್ಟ್ರೇಲಿಯಾದ ಕಾಯಂ ವಾಸದ ಪರವಾನಗಿ, ಎಷ್ಟೇ ದೀರ್ಘವಾದ ಉದ್ಯೋಗ ವೀಸಾ, ಇವು ಯಾವುವೂ ಪೌರತ್ವವಲ್ಲ. ಹುಟ್ಟಿನಿಂದ ಭಾರತೀಯರಾದವರು ಮೂವತ್ತು ವರ್ಷ ಹೊರಗಿದ್ದರೂ ಆ ಕಾರಣಕ್ಕಾಗಿಯೇ ಪೌರತ್ವ ಕಳೆದುಕೊಳ್ಳುವುದಿಲ್ಲ.

ಕಳೆದುಕೊಳ್ಳುವ ಮುಖ್ಯ ದಾರಿಗಳು ಕಾಯ್ದೆಯಲ್ಲಿ ಮೂರು. 8ನೇ ಸೆಕ್ಷನ್ನಿನ ಪರಿತ್ಯಾಗದಲ್ಲಿ, ಹದಿನೆಂಟು ತುಂಬಿದ ನಾಗರಿಕರು ತಮ್ಮ ಪೌರತ್ವವನ್ನು ಬಿಡುತ್ತಿರುವುದಾಗಿ ನಿಗದಿತ ನಮೂನೆಯಲ್ಲಿ ಘೋಷಿಸುತ್ತಾರೆ, ಆ ಘೋಷಣೆ ನೋಂದಣಿಯಾದಾಗ ಪೌರತ್ವ ಮುಗಿಯುತ್ತದೆ. 9ನೇ ಸೆಕ್ಷನ್ನಿನದು ಮೇಲೆ ಹೇಳಿದ ತಾನಾಗಿ ಕೊನೆಗೊಳ್ಳುವ ಬಗೆ. 10ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರವೇ ಆದೇಶ ಹೊರಡಿಸಿ ಪೌರತ್ವವನ್ನು ಹಿಂಪಡೆಯಬಹುದು. ಇದು ಹುಟ್ಟಿನಿಂದ ನಾಗರಿಕರಾದವರಿಗೆ ಅನ್ವಯಿಸುವುದಿಲ್ಲ, ಆದರೆ ಮರಳಿ ಬಂದವರಿಗೆ ಅನ್ವಯಿಸುತ್ತದೆ. ಆ ವಿಚಾರ ಕೊನೆಯಲ್ಲಿ ಬರುತ್ತದೆ.

ಪ್ರಮಾಣವಚನಕ್ಕೆ ಮೊದಲು

ನೀವು ಸೇರಲಿರುವ ದೇಶ ಹಳೆಯ ಪೌರತ್ವವನ್ನು ಮೊದಲು ಬಿಡಬೇಕೆಂದು ಕೇಳುತ್ತದೆಯೇ ಎಂಬುದನ್ನು ವಿಚಾರಿಸಿ. ಸಿಂಗಪುರ ಹಾಗೆ ಕೇಳುತ್ತದೆ. ಅಂಥ ಕಡೆ 8ನೇ ಸೆಕ್ಷನ್ನಿನ ಘೋಷಣೆ ಬೇಕಾಗುತ್ತದೆ. ಹೊಸ ದೇಶದಿಂದ ಪೌರತ್ವ ಕೊಡುವ ಲಿಖಿತ ಒಪ್ಪಿಗೆ ಕೈಗೆ ಬರುವ ಮೊದಲು ಘೋಷಣೆ ನೋಂದಣಿಯಾದರೆ, ಎರಡು ದೇಶಗಳ ನಡುವೆ ಯಾವ ದೇಶದವರೂ ಅಲ್ಲದ ಸ್ಥಿತಿಯಲ್ಲಿ ಸಿಕ್ಕಿಬೀಳುವ ಅಪಾಯವಿದೆ. ಅಮೆರಿಕದಂಥ ದೇಶಗಳಲ್ಲಿ ಈ ಘೋಷಣೆಯ ಅಗತ್ಯ ಬೀಳುವುದಿಲ್ಲ, 9ನೇ ಸೆಕ್ಷನ್ ತನ್ನ ಕೆಲಸ ತಾನೇ ಮಾಡುತ್ತದೆ. ಜರ್ಮನಿ 2024ರ ಜೂನ್ 27ರಿಂದ ಎರಡು ಪೌರತ್ವಗಳಿಗೆ ಅವಕಾಶ ಕೊಟ್ಟಾಗ ಅಲ್ಲಿನ ಅನೇಕ ಭಾರತೀಯರು ಇನ್ನು ಎರಡನ್ನೂ ಇಟ್ಟುಕೊಳ್ಳಬಹುದೆಂದು ಹಿಗ್ಗಿದರು. ಆದರೆ ಅದು ಜರ್ಮನಿಯ ಕಾನೂನು. ನಮ್ಮ ಕಾನೂನು ಬದಲಾಗಿಲ್ಲವಾದ್ದರಿಂದ ಜರ್ಮನ್ ಪೌರತ್ವ ಪಡೆದ ಭಾರತೀಯರ ಭಾರತದ ಪೌರತ್ವ ಇಂದಿಗೂ ಆ ದಿನವೇ ಮುಗಿಯುತ್ತದೆ.

ಇನ್ನೊಂದು ದೇಶದ ಪಾಸ್‌ಪೋರ್ಟ್ ಪಡೆದ ಮೇಲೆ, ಅದು ಬರೀ ಪ್ರಯಾಣದ ಅನುಕೂಲಕ್ಕೆ ಎಂಬ ವಾದ ನಡೆಯುವುದಿಲ್ಲ. ವಿದೇಶಿ ಪಾಸ್‌ಪೋರ್ಟ್ ಪಡೆದಿರುವುದು ಆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದುದಕ್ಕೆ ನಿರ್ಣಾಯಕ ಪುರಾವೆ ಎಂದು ನಿಯಮಗಳು ಹೇಳುತ್ತವೆ, ಆ ನಿಯಮವನ್ನು ಸುಪ್ರೀಂ ಕೋರ್ಟ್ 1962ರಲ್ಲಿಯೇ ಎತ್ತಿಹಿಡಿದಿದೆ.

ಮಕ್ಕಳ ವಿಚಾರ

ಇಲ್ಲಿ ಎರಡು ಸೆಕ್ಷನ್‌ಗಳ ನಡುವಿನ ಅಂತರ ಬದುಕನ್ನೇ ಬದಲಿಸಬಲ್ಲದು. ತಂದೆ ಅಥವಾ ತಾಯಿ 8ನೇ ಸೆಕ್ಷನ್ನಿನ ಘೋಷಣೆಯ ಮೂಲಕ ಪೌರತ್ವ ಬಿಟ್ಟರೆ ಅವರ ಅಪ್ರಾಪ್ತ ಮಕ್ಕಳ ಪೌರತ್ವವೂ ಹೋಗುತ್ತದೆ. ಆದರೆ ಆ ಮಗು ಹದಿನೆಂಟು ತುಂಬಿದ ಒಂದು ವರ್ಷದೊಳಗೆ, ತಾನು ಭಾರತದ ಪೌರತ್ವವನ್ನು ಮತ್ತೆ ಪಡೆಯಬಯಸುತ್ತೇನೆಂದು ಘೋಷಿಸಿದರೆ ಅದು ಮರಳಿ ಸಿಗುತ್ತದೆ. ಇಡೀ ಕಾಯ್ದೆಯಲ್ಲಿ ಇಷ್ಟು ಸುಲಭವಾದ ಮರಳುವ ದಾರಿ ಇನ್ನೊಂದಿಲ್ಲ. ತಂದೆತಾಯಿಯರ ಪೌರತ್ವ 9ನೇ ಸೆಕ್ಷನ್ ಪ್ರಕಾರ ತಾನಾಗಿ ಹೋಗಿದ್ದರೆ ಈ ದಾರಿ ಮುಚ್ಚಿರುತ್ತದೆ. ತಂದೆತಾಯಿಯರು ಸಿಂಗಪುರದ ಪೌರತ್ವ ಪಡೆದ ಮೇಲೆ ಅಲ್ಲಿಯೇ ಹುಟ್ಟಿದ ಯುವಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 18ರಂದು ಇದನ್ನು ಸ್ಪಷ್ಟಪಡಿಸಿತು. ಆದ್ದರಿಂದ ಮಕ್ಕಳ ಪರವಾಗಿ ಏನನ್ನಾದರೂ ಕೇಳುವ ಮೊದಲು, ನಿಮ್ಮ ಪೌರತ್ವ ಯಾವ ಸೆಕ್ಷನ್ನಿನಡಿ ಹೋಯಿತು, ಯಾವ ತಾರೀಖಿಗೆ ಹೋಯಿತು ಎಂಬುದನ್ನು ದಾಖಲೆಯಿಂದಲೇ ಖಚಿತಪಡಿಸಿಕೊಳ್ಳಿ.

ಹೊರದೇಶದಲ್ಲಿ ಹುಟ್ಟಿ ವಂಶದ ಆಧಾರದಿಂದ ಭಾರತೀಯವಾದ ಮಗುವಿಗೆ ಆ ದೇಶದ ಪೌರತ್ವವೂ ಇದ್ದರೆ, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ.

ಪ್ರಮಾಣವಚನದ ನಂತರ

ಹೊಸ ಪೌರತ್ವ ಬಂದೊಡನೆ ಭಾರತದ ಪಾಸ್‌ಪೋರ್ಟನ್ನು ಕಾನ್ಸುಲೇಟಿಗೆ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಿರಿ. ಆ ಪಾಸ್‌ಪೋರ್ಟನ್ನು ಇಟ್ಟುಕೊಂಡು ಪ್ರಯಾಣ ಮಾಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ, ದಂಡವೂ ಬೀಳುತ್ತದೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ತೆಗೆಸಿಹಾಕಿ. ಚುನಾವಣೆಯ ಸಮಯಕ್ಕೆ ಊರಿಗೆ ಬಂದವರು ಅಭಿಮಾನದಿಂದಲೇ ಮತ ಹಾಕಿಬಿಡುತ್ತಾರೆ, ಆದರೆ ನಾಗರಿಕರಲ್ಲದವರಿಗೆ ಆ ಹಕ್ಕಿಲ್ಲ. ರದ್ದಾದ ಹಳೆಯ ಪಾಸ್‌ಪೋರ್ಟ್ ಮತ್ತು ಸರೆಂಡರ್ ಸರ್ಟಿಫಿಕೇಟನ್ನು ಜೋಪಾನವಾಗಿಡಿ. ಮುಂದೆಂದಾದರೂ ಮರಳಿ ಬರುವ ಮನಸ್ಸಾದರೆ, ನೀವು ಒಮ್ಮೆ ಇಲ್ಲಿನವರಾಗಿದ್ದಿರಿ ಎಂಬುದನ್ನು ತೋರಿಸಲು ಅವುಗಳಿಗಿಂತ ಗಟ್ಟಿಯಾದ ಕಾಗದ ಸಿಗುವುದು ಕಷ್ಟ.

ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೂ ಈ ಸರ್ಟಿಫಿಕೇಟ್ ಬೇಕು. ಆ ಕಾರ್ಡಿನ ಹೆಸರಿನಲ್ಲಿ ಪೌರತ್ವದ ಮಾತಿದ್ದರೂ ಅದು ಪೌರತ್ವವಲ್ಲ: ಮತದಾನವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಹೊರದೇಶದಲ್ಲಿ ನೆಲೆಸಿರುವ ಓಸಿಐ ಕಾರ್ಡುದಾರರು ಕೃಷಿಭೂಮಿ ಅಥವಾ ತೋಟವನ್ನು ಖರೀದಿಸುವಂತಿಲ್ಲ. ಹಿರಿಯರಿಂದ ಬಂದ ಜಮೀನಿಗೆ ವಾರಸುದಾರರಾಗುವುದಕ್ಕೆ ಅಡ್ಡಿಯಿಲ್ಲ, ಪೌರತ್ವ ಹೋದ ಮಾತ್ರಕ್ಕೆ ಪಹಣಿಯಲ್ಲಿರುವ ಹೆಸರೂ ಹೋಗುವುದಿಲ್ಲ.

ಮರಳಿ ಪಡೆಯುವ ಕ್ರಮ

ಬಹುತೇಕರಿಗೆ ಹೊಂದುವ ದಾರಿ ಎರಡು. ಸ್ವತಂತ್ರ ಭಾರತದ ನಾಗರಿಕರಾಗಿದ್ದವರು, ಅಥವಾ ತಂದೆತಾಯಿಯರಲ್ಲಿ ಒಬ್ಬರು ಹಾಗಿದ್ದವರು, ಕಾಯ್ದೆಯ 5(1)(ಎಫ್) ಸೆಕ್ಷನ್ ಅಡಿ ನೋಂದಣಿಗೆ ಅರ್ಜಿ ಹಾಕಬಹುದು. ಐದು ವರ್ಷದಿಂದ ಓಸಿಐ ಕಾರ್ಡ್ ಹೊಂದಿರುವವರಿಗೆ 5(1)(ಜಿ) ಇದೆ. ಎರಡಕ್ಕೂ ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿರಲೇಬೇಕು. ವಿಶೇಷ ಸಂದರ್ಭವಿದ್ದರೆ ಕೇಂದ್ರ ಸರ್ಕಾರ ಈ ಅವಧಿಯಲ್ಲಿ ಗರಿಷ್ಠ ಮೂವತ್ತು ದಿನಗಳ ವಿನಾಯಿತಿ ಕೊಡಬಹುದು, ಆದರೆ ಅದು ಹಕ್ಕಲ್ಲ. ಆದ್ದರಿಂದ ಮಗಳ ಹೆರಿಗೆಗೆ, ಮನೆ ಮಾರಾಟಕ್ಕೆ ಎಂದು ಮಧ್ಯೆ ಹೋಗಿಬರುವ ಕೆಲಸಗಳನ್ನೆಲ್ಲ ಮುಗಿಸಿಕೊಂಡು ಬಂದು ದಿನ ಎಣಿಸಲು ಶುರುಮಾಡಿ. ಓಸಿಐ ಕಾರ್ಡ್ ಇದ್ದರೆ ವೀಸಾದ ಗಡುವಿನ ಚಿಂತೆಯಿಲ್ಲದೆ ಈ ಒಂದು ವರ್ಷ ಕಳೆಯಬಹುದು.

ಈ ದಿನಗಳ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜರ್ಮನ್ ಪೌರತ್ವ ಪಡೆದಿದ್ದು, 2009ರಲ್ಲಿ ನೋಂದಣಿಯ ಮೂಲಕ ಭಾರತದ ಪೌರತ್ವ ಪಡೆದ ತೆಲಂಗಾಣದ ವೇಮುಲವಾಡದ ಆಗಿನ ಶಾಸಕ ಚೆನ್ನಮನೇನಿ ರಮೇಶ್ ಅವರ ಪೌರತ್ವವನ್ನು, ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ ಮಾಡಿದ ವಿದೇಶ ಪ್ರಯಾಣವನ್ನು ಮರೆಮಾಚಿದ್ದಾರೆಂಬ ಕಾರಣಕ್ಕೆ ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ರದ್ದುಪಡಿಸಿತು. 2024ರ ಡಿಸೆಂಬರ್‌ನಲ್ಲಿ ತೆಲಂಗಾಣ ಹೈಕೋರ್ಟ್ ಕೂಡ ಅವರಿಗೆ ವಿರುದ್ಧವಾಗಿ ತೀರ್ಪು ನೀಡಿತು. ಅರ್ಜಿಯಲ್ಲಿ ಸುಳ್ಳು ಹೇಳಿದವರಿಗೆ ಐದು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಅರ್ಜಿಯನ್ನು ಗೃಹ ಸಚಿವಾಲಯದ ಪೌರತ್ವ ಪೋರ್ಟಲ್‌ನಲ್ಲಿ ತುಂಬಿ, ಕಾಗದಗಳನ್ನು ವಾಸವಿರುವ ಜಿಲ್ಲೆಯ ಜಿಲ್ಲಾಧಿಕಾರಿಯ ಕಚೇರಿಗೆ ಒಪ್ಪಿಸಬೇಕು. ಅಲ್ಲಿಂದ ವರದಿಯೊಂದಿಗೆ ರಾಜ್ಯ ಸರ್ಕಾರಕ್ಕೂ ಬಳಿಕ ದೆಹಲಿಗೂ ಕಡತ ಹೋಗುತ್ತದೆ. ಕರ್ನಾಟಕದವರಿಗೆ ಒಂದು ಎಚ್ಚರಿಕೆ: ನಮ್ಮ ಹೆಸರಿನ ಇನಿಷಿಯಲ್‌ಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಕ್ಷರಗಳಾಗಿ, ಹಳೆಯ ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರಾಗಿ, ವಿದೇಶಿ ದಾಖಲೆಯಲ್ಲಿ ಊರಿನ ಹೆಸರೇ ಮನೆತನದ ಹೆಸರಾಗಿ ಕಾಣಿಸಿಕೊಂಡಿರಬಹುದು. ಇವೆಲ್ಲ ಒಬ್ಬರದೇ ಹೆಸರೆಂದು ತೋರಿಸುವ ಪ್ರಮಾಣಪತ್ರವನ್ನು ನೋಟರಿ ಮುಂದೆ ಮೊದಲೇ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ಅರ್ಜಿ ಒಪ್ಪಿಗೆಯಾದರೂ ಪೌರತ್ವದ ಪ್ರಮಾಣಪತ್ರ ನೇರವಾಗಿ ಕೈಗೆ ಬರುವುದಿಲ್ಲ. ಒಪ್ಪಿಗೆ ಪತ್ರ ಬಂದ ಮೇಲೆ ವಿದೇಶಿ ಪೌರತ್ವವನ್ನು ಬಿಟ್ಟುದಕ್ಕೆ ಪುರಾವೆ ಒದಗಿಸಬೇಕು, ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಒಪ್ಪಿಗೆ ಪತ್ರ ಬರುವ ಮೊದಲು ಆತುರದಿಂದ ವಿದೇಶಿ ಪೌರತ್ವವನ್ನು ಬಿಡಬೇಡಿ. ಏಕೆಂದರೆ ಪೌರತ್ವ ಬಿಟ್ಟವರನ್ನು ಕೇಂದ್ರ ಸರ್ಕಾರದ ಆದೇಶವಿಲ್ಲದೆ ಮತ್ತೆ ನೋಂದಾಯಿಸುವಂತಿಲ್ಲ ಎಂದು 5(3) ಹೇಳುತ್ತದೆ, ಅರ್ಜಿಯನ್ನು ಕಾರಣ ಕೊಡದೆಯೇ ತಿರಸ್ಕರಿಸುವ ಅಧಿಕಾರವನ್ನು 14ನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ. ತಿರಸ್ಕೃತವಾದರೆ ಮೂವತ್ತು ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಒಂದು ಕಾಲದಲ್ಲಿ ಈ ಮಣ್ಣಿನವರೇ ಆಗಿದ್ದವರಿಗೆ ಕಾರಣವನ್ನಾದರೂ ತಿಳಿಸಬೇಕೆಂದು ನನಗೆ ಅನ್ನಿಸುತ್ತದೆ, ಆದರೆ ಇಂದಿನ ಕಾನೂನು ಹೀಗಿದೆ. ಪೌರತ್ವ ಬಂದ ಮೇಲೆ ಹದಿನೆಂಟು ತುಂಬದ ಮಕ್ಕಳಿಗೆ 5(1)(ಡಿ) ಅಡಿ ಅರ್ಜಿ ಹಾಕಬಹುದು.

ಮರಳಿ ಬಂದ ಮೇಲೆ

ನೋಂದಣಿಯಾದ ದಿನದಿಂದ ನೀವು ನಾಗರಿಕರು, ಮಧ್ಯದ ವರ್ಷಗಳಿಗೆ ಅದು ಹಿಂದಿನಿಂದ ಅನ್ವಯವಾಗುವುದಿಲ್ಲ. ಇನ್ನೂ ಮುಖ್ಯವಾದುದೆಂದರೆ, ಹುಟ್ಟಿನಿಂದ ಬಂದಿದ್ದ ಪೌರತ್ವ ಈಗ ನೋಂದಣಿಯಿಂದ ಬಂದ ಪೌರತ್ವವಾಗಿರುತ್ತದೆ, ಹಾಗಾಗಿ 10ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ವಂಚನೆ ಅಥವಾ ಮರೆಮಾಚುವಿಕೆ, ಸಂವಿಧಾನಕ್ಕೆ ನಿಷ್ಠೆಯಿಲ್ಲದ ನಡತೆ, ನೋಂದಣಿಯ ಐದು ವರ್ಷದೊಳಗೆ ಯಾವುದೇ ದೇಶದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲುಶಿಕ್ಷೆ ಮುಂತಾದ ಕಾರಣಗಳಿಗೆ ಸರ್ಕಾರ ಅದನ್ನು ಹಿಂಪಡೆಯಬಹುದು. ಹಾಗೆ ಮಾಡುವ ಮೊದಲು ಕಾರಣ ತಿಳಿಸಿ ಲಿಖಿತ ನೋಟಿಸ್ ಕೊಡಬೇಕು, ಇವುಗಳಲ್ಲಿ ಯಾವ ಕಾರಣವಾದರೂ ವಿಚಾರಣಾ ಸಮಿತಿಯ ಮುಂದೆ ಹೋಗಬೇಕೆಂದು ನೀವು ಕೇಳಬಹುದು.

ಹೆಚ್ಚಿನವರ ಗಮನಕ್ಕೆ ಬಾರದ ಕಾರಣ ಇನ್ನೊಂದಿದೆ. ಮತ್ತೆ ಹೊರದೇಶಕ್ಕೆ ಹೋಗಿ ಸತತ ಏಳು ವರ್ಷ ಅಲ್ಲಿಯೇ ವಾಸವಾಗಿದ್ದರೂ ಈ ಪೌರತ್ವ ಕೈತಪ್ಪಬಹುದು. ವಿದ್ಯಾರ್ಥಿಗಳಿಗೆ, ಭಾರತ ಸರ್ಕಾರದ ಅಥವಾ ಭಾರತ ಸದಸ್ಯವಾಗಿರುವ ಅಂತರರಾಷ್ಟ್ರೀಯ ಸಂಸ್ಥೆಯ ಸೇವೆಯಲ್ಲಿರುವವರಿಗೆ ಇದರಿಂದ ರಕ್ಷಣೆಯಿದೆ. ಉಳಿದವರು, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹೋಗಿ ಅಲ್ಲಿಯೇ ಉಳಿದುಬಿಡುವ ಅಜ್ಜ ಅಜ್ಜಿಯರೂ ಸೇರಿದಂತೆ, ಪೌರತ್ವವನ್ನು ಉಳಿಸಿಕೊಳ್ಳುವ ಇಚ್ಛೆಯನ್ನು ಭಾರತದ ಕಾನ್ಸುಲೇಟಿನಲ್ಲಿ ಪ್ರತಿವರ್ಷ ನೋಂದಾಯಿಸಿ, ಆ ರಸೀತಿಯನ್ನು ತೆಗೆದಿಟ್ಟುಕೊಳ್ಳಬೇಕು.