ರ‍್ಯಾಮ್ ಕೊಳ್ಳುವ ಮುನ್ನ ಹಳೇ ಸ್ಟಿಕ್ಕಿನ ಚೀಟಿ ಓದಿ

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು "ಎಂಟು ಜಿಬಿ ರ‍್ಯಾಮ್ ಕೊಡಿ" ಅಂದರೆ ಕೊಡುತ್ತಾರೆ. ಅದು ನಮ್ಮ ಕಂಪ್ಯೂಟರಿನ ಮದರ್‌ಬೋರ್ಡಿಗೆ ಹೊಂದುತ್ತದೋ ಇಲ್ಲವೋ ಅನ್ನುವುದನ್ನು ನಾವೇ ತಿಳಿದುಕೊಂಡು ಹೋಗಬೇಕು. ನಾನು ಮನೆ ಬಿಡುವ ಮುಂಚೆ ಬೋರ್ಡಿನ ಪೂರ್ತಿ ಮಾಡೆಲ್ ಹೆಸರು ಬರೆದುಕೊಂಡು, ಈಗಿರುವ ಸ್ಟಿಕ್ಕಿನ ಚೀಟಿಯ ಫೋಟೊ ತೆಗೆದುಕೊಳ್ಳುತ್ತೇನೆ. ಮಾಡೆಲ್ ಹೆಸರು ಅರ್ಧಂಬರ್ಧ ಇದ್ದರೆ ಪ್ರಯೋಜನವಿಲ್ಲ. ಇಂಟೆಲ್ ಪ್ರೊಸೆಸರಿನ ಎಚ್610, ಬಿ760 ಬೋರ್ಡುಗಳು ಡಿಡಿಆರ್4 ರ‍್ಯಾಮಿಗೂ ಇವೆ, ಅದರ ಮುಂದಿನ ತಲೆಮಾರಿನ ಡಿಡಿಆರ್5ಕ್ಕೂ ಇವೆ. ಎಷ್ಟೋ ಸಲ ಹೆಸರಿನ ಬಾಲದಲ್ಲಿರುವ 'ಡಿ4' ಒಂದೇ ಗುರುತು. ಎಎಂಡಿಯಲ್ಲಿ ಈ ತಲೆನೋವಿಲ್ಲ: ಪ್ರೊಸೆಸರ್ ಕೂರುವ ಸಾಕೆಟ್ ಎಎಂ4 ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5.

ಚೀಟಿಯಲ್ಲಿ 'ಪಿಸಿ4-2666ವಿ-ಯುಎ2-11' ಎಂಬಂಥ ಒಂದು ಸಾಲು ಇರುತ್ತದೆ. ಪಿಸಿ4 ಅಂದರೆ ಡಿಡಿಆರ್4, 2666 ವೇಗ. ಅದರ ನಂತರದ 'ಯು' ಅಕ್ಷರವನ್ನು ಯಾರೂ ನೋಡುವುದಿಲ್ಲ, ನೋಡಬೇಕಾದ್ದು ಅದನ್ನೇ. ಯು ಇದ್ದರೆ ಡೆಸ್ಕ್‌ಟಾಪಿನ ಮಾಮೂಲಿ ಸ್ಟಿಕ್, ಎಸ್ ಇದ್ದರೆ ಲ್ಯಾಪ್‌ಟಾಪಿನದು, ಆರ್ ಇದ್ದರೆ ಸರ್ವರಿನ ರಿಜಿಸ್ಟರ್ಡ್ ರ‍್ಯಾಮ್. ಹಳೇ ಸರ್ವರಿನಿಂದ ಬಿಚ್ಚಿದ 16 ಜಿಬಿ ಮಾಲು ಸೆಕೆಂಡ್‌ ಹ್ಯಾಂಡಿನಲ್ಲಿ ಅಗ್ಗವಾಗಿ ಸಿಗುತ್ತದೆ. ಡಿಡಿಆರ್4ರಲ್ಲಿ ಡೆಸ್ಕ್‌ಟಾಪಿನದಕ್ಕೂ ಸರ್ವರಿನದಕ್ಕೂ 288 ಪಿನ್, ಕಚ್ಚು ಇರುವ ಜಾಗವೂ ಒಂದೇ. ಹಾಗಾಗಿ ಸ್ಲಾಟಿನಲ್ಲಿ ಚೆನ್ನಾಗಿಯೇ ಕೂರುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಎಚ್61, ಎಚ್81 ಥರದ ಹಳೇ ಬೋರ್ಡಿನವರಿಗೆ ಇನ್ನೊಂದು ಮಾತು. 'ಎಎಂಡಿಗೆ ಮಾತ್ರ' ಎಂದು ಸಣ್ಣಕ್ಷರದಲ್ಲಿ ಬರೆದ 8 ಜಿಬಿ ಡಿಡಿಆರ್3 ಸ್ಟಿಕ್ಕುಗಳು ಇಂಟೆಲ್ ಬೋರ್ಡಿನಲ್ಲಿ ನಡೆಯುವುದಿಲ್ಲ, ಬೆಲೆ ನೋಡಿ ಮರುಳಾಗಬೇಡಿ.

ವೇಗ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಎಚ್310 ಬೋರ್ಡಿಗೆ 3200ರ ಸ್ಟಿಕ್ ಹಾಕಿದರೆ ಹೆಚ್ಚೆಂದರೆ 2666ರಲ್ಲಿ ಓಡುತ್ತದೆ. ಎರಡು ಬೇರೆ ವೇಗದವು ಜೊತೆಗಿದ್ದರೆ ನಿಧಾನದ್ದಕ್ಕೆ ಎರಡೂ ಇಳಿಯುತ್ತವೆ. ಹೊಸದಾಗಿ ಕೊಳ್ಳುವುದಾದರೆ 16ರದ್ದು ಒಂದರ ಬದಲು 8ರದ್ದು ಎರಡು, ಒಂದೇ ಪ್ಯಾಕಿನದು ತೆಗೆದುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ 5600ಜಿ ಥರದ ಪ್ರೊಸೆಸರಿನಲ್ಲಿ ಎರಡು ಸ್ಟಿಕ್ ಜೋಡಿಯಾಗಿ ಕೆಲಸ ಮಾಡುವ ಡ್ಯುಯಲ್ ಚಾನೆಲ್‌ನ ವ್ಯತ್ಯಾಸ ಆಟದಲ್ಲಿ ಕಣ್ಣಿಗೇ ಕಾಣುತ್ತದೆ. ಈಗಾಗಲೇ 8 ಇದ್ದು 16 ಸೇರಿಸಿದರೂ ನಷ್ಟವೇನಿಲ್ಲ: 16 ಜಿಬಿಯಷ್ಟು ಭಾಗ ಜೋಡಿಯಾಗಿ, ಉಳಿದ 8 ಒಂಟಿಯಾಗಿ ಕೆಲಸ ಮಾಡುತ್ತದೆ. ಡಿಡಿಆರ್5ರಲ್ಲಿ ಮಾತ್ರ ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ. ರೈಜನ್ 7000 ಪ್ರೊಸೆಸರುಗಳಿಗೆ ಎಎಂಡಿಯೇ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ 3600.

ಹಾಕುವ ಮೊದಲು ಪ್ಲಗ್ ಕೀಳಬೇಕು, ಕಂಪ್ಯೂಟರ್ ಆಫ್ ಮಾಡಿದರೆ ಸಾಲದು. ಕರೆಂಟ್ ಇರುವವರೆಗೂ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿನ ಪವರ್ ಸಪ್ಲೈ) ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿರುತ್ತದೆ. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದದ್ದು ಹೋಗುತ್ತದೆ. ಅರ್ತಿಂಗ್ ಸರಿಯಿಲ್ಲದ ಹಳೇ ಬಾಡಿಗೆ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಅಂಥ ಕಡೆ ಇದನ್ನು ಮರೆಯಲೇಬಾರದು. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಸ್ಟ್ಯಾಟಿಕ್ ಜಾಸ್ತಿ. ಸ್ಟಿಕ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ. ಖಾಲಿ ಸ್ಲಾಟಿನ ಧೂಳನ್ನು ಬ್ಲೋವರಿನಿಂದ ಊದಿ ತೆಗೆಯಿರಿ. ಮೆಟ್ರೊ ಕಾಮಗಾರಿ ಪಕ್ಕದ ಮನೆಯಾದರೆ ಎರಡು ಸಲ ಊದಿ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು, ಅಂದರೆ ಎ2, ಬಿ2. ಕಚ್ಚು ನಡುವಿನಿಂದ ಸ್ವಲ್ಪ ಪಕ್ಕಕ್ಕಿರುತ್ತದೆ. ಸ್ಲಾಟಿನ ಉಬ್ಬಿಗೆ ಅದು ಹೊಂದದಿದ್ದರೆ ತಿರುಗಿಸಿ ನೋಡಿ, ಆಗಲೂ ಹೊಂದದಿದ್ದರೆ ತಂದದ್ದೇ ಬೇರೆ ಜಾತಿ. ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಹೊಸಬರಿಗೆ ಭಯವಾಗುವಷ್ಟೇ ಬಲ ಬೇಕು. ಕೆಲವು ಬೋರ್ಡುಗಳಲ್ಲಿ ಲಾಕ್ ಒಂದೇ ಕಡೆ ಇರುತ್ತದೆ. ಆ ಕಡೆ ಟಕ್ ಅಂದ ಕೂಡಲೇ ಕೈ ತೆಗೆಯುತ್ತಾರೆ, ಲಾಕ್ ಇಲ್ಲದ ತುದಿ ಮೇಲೆಯೇ ಉಳಿದಿರುತ್ತದೆ. ಟಾರ್ಚ್ ಬಿಟ್ಟು ಅಡ್ಡದಿಂದ ನೋಡಿದರೆ ಚಿನ್ನದ ಬಣ್ಣದ ಗೆರೆ ಒಂದು ಕಡೆ ಕೂದಲೆಳೆಯಷ್ಟು ಇಣುಕುತ್ತಿರುತ್ತದೆ. ಎರಡೂ ಕಡೆ ಸಮ ಮುಳುಗಿರಬೇಕು.

ಫ್ಯಾನ್ ತಿರುಗಿ ಡಿಸ್‌ಪ್ಲೇ ಬರಲಿಲ್ಲ ಅಂದರೆ ಗಾಬರಿ ಬೇಡ. ಡಿಡಿಆರ್5ರಲ್ಲಿ ಮೊದಲ ಸಲ ಬೋರ್ಡ್ ರ‍್ಯಾಮನ್ನು ಅಳೆದು ಹೊಂದಿಸಿಕೊಳ್ಳುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ, ಆರಿಸಬಾರದು. ಡಿಡಿಆರ್4ರಲ್ಲಿ ಹೀಗಾದರೆ ಸ್ಟಿಕ್ ತೆಗೆದು, ಚಿನ್ನದ ಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಂದೊಂದನ್ನೇ ಎ2ನಲ್ಲಿ ಹಾಕಿ ನೋಡುತ್ತೇನೆ. ಎ2ನಲ್ಲಿ ಎರಡೂ ಓಡಿ, ಬಿ2ನಲ್ಲಿ ಯಾವುದೂ ಓಡದಿದ್ದರೆ ರ‍್ಯಾಮಿನ ತಪ್ಪಿಲ್ಲ. ಕೂಲರಿನ ಸ್ಕ್ರೂ ಒಂದು ಕಡೆ ಮಾತ್ರ ಅತಿ ಬಿಗಿಯಾಗಿದೆಯೇ, ಸಾಕೆಟ್ಟಿನ ಪಿನ್ ಬಾಗಿದೆಯೇ ನೋಡಿ; ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನೊಳಗೆ. ಯಾವುದೂ ಓಡದಿದ್ದರೆ ಸಿಮಾಸ್ ಕ್ಲಿಯರ್ ಮಾಡಿ (ಬೋರ್ಡಿನ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡುವುದು), ಆಮೇಲೆ ಹಳೇ ಸ್ಟಿಕ್ ಹಾಕಿ ಬೋರ್ಡಿನೊಳಗಿನ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಮಾಡಿ. ಯುಪಿಎಸ್ ಇಲ್ಲದಿದ್ದರೆ ಮಳೆ ಬರುವ ಸಂಜೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಓಡಿದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ನೋಡಿ. 3200ರ ಸ್ಟಿಕ್ 2133 ಅಥವಾ 2400 ತೋರಿಸಿದರೆ ಬಯಾಸಿನಲ್ಲಿ ಸ್ಟಿಕ್ಕನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು. ಸಿಪಿಯು-ಝಡ್ ಎಂಬ ತಂತ್ರಾಂಶ 1600 ತೋರಿಸಿದರೆ ಅದು ಸರಿಯೇ, ಆ ತಂತ್ರಾಂಶ ವೇಗದ ಅರ್ಧ ತೋರಿಸುತ್ತದೆ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಲು ಬಿಡಿ. ಒಂದೇ ಎರರ್ ಬಂದರೂ ಬಿಡಬೇಡಿ. ಎಕ್ಸ್‌ಎಂಪಿ ಆರಿಸಿ ಮತ್ತೆ ಓಡಿಸಿ. ಆಗಲೂ ಬಂದರೆ, ಸೀರಿಯಲ್ ನಂಬರ್ ಬರೆಸಿಕೊಂಡ ಬಿಲ್ಲು ಹಿಡಿದು ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳಿ.